ಸಣ್ಣಜ್ಜನ ಒಂದು ‘ಅ’, ನನ್ನ ಒಂಬತ್ತು ಶಬ್ದ

ಅನಿಕೇತ, ಜುಯಿ, ನಿಮ್ಮ ಸಣ್ಣಜ್ಜ ಮದುವೆಯಾಗಲೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಂಬಬೇಡಿ! ಅವರು ಮದುವೆಯಾಗಿದ್ದರು. ಹೆಂಡತಿ ಒಂದೇ ಅಕ್ಷರದವಳು. ಹೆಸರು ‘ಅ’.

ಇದನ್ನು ಈಗೇಕೆ ಬರೆಯಲು ಕೂತೆನೆಂದರೆ, ಹೋದ ರವಿವಾರ ಜುಯಿ ನನ್ನ ಸಾರನ್ನು ಬಾಯಿಗಿಟ್ಟು, “ಆಜೀ, ಯೇ ತೋ ಅಮಿಂಡೋ ಹೈ!” ಎಂದಳು. ಊಟಕ್ಕೆ ಬಂದಿದ್ದ ಅವಳ ಗೆಳತಿ ಹಾಗೆಂದರೇನು ಎಂದು ಕೇಳಿದಾಗ, “ಕನ್ನಡಾ ವರ್ಡ್ ಹೈ. ಬಿನಾ ನಮಕ್ ಕಾ ಸಾರು” ಎಂದು ಗತ್ತಿನಿಂದ ವಿವರಿಸಿದಳು. ಅಯ್ಯೋ ಮಗಳೇ! ಅದು ಕನ್ನಡವಲ್ಲ. ಭೂಮಿಯ ಮೇಲಿನ ಯಾವ ಭಾಷೆಯೂ ಅಲ್ಲ. ಅದರ ಹಿಂದೆ ನಿಮ್ಮ ಅಜ್ಜಿಯ ಒಂದು ಕಳ್ಳತನವಿದೆ. ಮುಖಾಮುಖಿ ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ. ಅಂಬರನಾಥದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಡ್ರಮ್ಮುಗಳಿಗೆ ಚೀಟಿ ಅಂಟಿಸಿ ನಿವೃತ್ತರಾದವರು. ಡೊಂಬಿವಲಿಯಲ್ಲಿ ನಮ್ಮ ಕಟ್ಟಡದಲ್ಲೇ, ನಮಗಿಂತ ಒಂದು ಮಾಳಿಗೆ ಮೇಲೆ ಇದ್ದರು. ಚೀಟಿಯ ಚಟ ನಿವೃತ್ತಿಯಾಗಲಿಲ್ಲ. ಡ್ರಮ್ಮುಗಳು ಹೋದವು, ಶಬ್ದಗಳು ಬಂದವು.

“ನೋಡ್ರಿ ವೈನಿ,” ಎಂದು ಅತ್ತಿಗೆಯಾದ ನನ್ನನ್ನು ಮೆಟ್ಟಿಲಲ್ಲೇ ತಡೆದು ನಿಲ್ಲಿಸುತ್ತಿದ್ದರು. “ಶಬ್ದದ ಮುಂದ ಬಂದು ಕೂಡೂ ಈ ‘ಅ’ ಅದ ಅಲ್ರೀ, ಸಂಸ್ಕೃತದಾಗ ಬಂದ್ರ ಇದ್ದದ್ದನ್ನ ಇಲ್ಲ ಅಂತದ. ನ್ಯಾಯ, ಅನ್ಯಾಯ! ಕನ್ನಡದಾಗ ಅದು ದೂರಕ್ಕ ಬಟ್ಟು ತೋರಸ್ತದ. ಅವನು, ಅಲ್ಲಿ, ಅಂದು! ಇಂಗ್ಲಿಷ್‌ದಾಗ ‘ಅಬೋರ್ಡ್’ ಅಂದ್ರ ಹಡಗ ಹತ್ತಿ ಕೂತ! ಮೂರು ಡ್ರಮ್ಮಿಗೆ ಒಂದೇ ಚೀಟಿ, ಒಳಗಿನ ಮಾಲು ಬ್ಯಾರೆ ಬ್ಯಾರೆ. ಕಾರ್ಖಾನ್ಯಾಗ ಹಿಂಗಾದ್ರ ನೌಕರಿ ಹೋಗ್ತದ. ಭಾಷಾದಾಗ ಹೇಳವ್ರು ಕೇಳವ್ರು ಯಾರೂ ಇಲ್ಲ!”

ನನ್ನ ಕೈಯಲ್ಲಿ ಎರಡು ಕಿಲೋ ಬಟಾಟೆ ಇದೆ ಎಂಬುದು ಅವರ ಗಮನಕ್ಕೇ ಬರುತ್ತಿರಲಿಲ್ಲ.

ಅನಿಕೇತ, ನಿನ್ನ ನಾಮಕರಣದಲ್ಲಿ ಏನಾಯಿತು ಗೊತ್ತೇ? ನಿನ್ನ ಅಪ್ಪ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಮನೆ ತೆಗೆದುಕೊಂಡ ವರ್ಷ ಅದು. ಹೆಸರು ಕಿವಿಗೆ ಬಿದ್ದದ್ದೇ ತಡ, ಸಣ್ಣಜ್ಜ ಪೇಢೆ ಕೆಳಗಿಟ್ಟು ಎದ್ದು ನಿಂತರು.

“ನಿಕೇತ ಅಂದ್ರ ಮನಿ. ಅನಿಕೇತ ಅಂದ್ರ ಮನಿ ಇಲ್ಲದಾಂವ. ಲೇ ತಮ್ಮಾ, ಠಾಣೆದಾಗ ಮನಿ ಮಾಡೂದು ಹುಡುಗಾಟ ಅಂತ ತಿಳದೀಯೇನು? ಮನಿ ಮಾಡಿದ ವರ್ಷನ ಮಗನ್ನ ಹೊರಗ ಹಾಕ್ತೀಯಲ್ಲೋ!”

ನಿನ್ನ ಅಮ್ಮ ಆ ದಿನ ಅವರಿಗೆ ಎರಡನೆಯ ಸಲ ಪೇಢೆ ಕೊಡಲಿಲ್ಲ. ಜುಯಿಯ ಹೆಸರಿಗೆ ತಕರಾರು ಬರಲಿಲ್ಲ. “ಇದರ ಮುಂದ ಏನೂ ಇಲ್ಲ, ಹಿಂದ ಏನೂ ಇಲ್ಲ. ಬರೇ ಹೂವು,” ಎಂದು ಬೇಸರದಿಂದ ತೊಟ್ಟಿಲು ತೂಗಿದರು.

ಸೊಸೈಟಿ ಮೀಟಿಂಗಿನ ಕಥೆ ಇನ್ನೂ ಚೆಂದ. ಬೇಸಿಗೆಯಲ್ಲಿ ನೀರಿಲ್ಲ. ದಿನಾ ಟ್ಯಾಂಕರ್ ತರಿಸುವುದು ‘ಅಶಕ್ಯ’ ಎಂದು ಸೆಕ್ರೆಟರಿ ಮರಾಠಿಯಲ್ಲಿ ಘೋಷಿಸಿದರು. ಸಣ್ಣಜ್ಜ ಕೈ ಎತ್ತಿದರು. ಟ್ಯಾಂಕರಿನ ಪರವಾಗಿ ಮಾತಾಡುತ್ತಾರೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಮುಕ್ಕಾಲು ತಾಸು ಆ ‘ಅ’ದ ಪರವಾಗಿ ಮಾತಾಡಿದರು! ಅಷ್ಟರಲ್ಲಿ ಪಕ್ಕದ ಸೊಸೈಟಿಗೆ ಬಂದಿದ್ದ ಟ್ಯಾಂಕರ್ ನೀರು ಸುರಿದು ಹೊರಟೂ ಹೋಗಿತ್ತು.

ಇಂಥವರ ಕೈಗೆ ನಾನು ಸಿಕ್ಕಿಬಿದ್ದದ್ದು ನಿಮ್ಮ ಅಜ್ಜ ತೀರಿಕೊಂಡ ಮೇಲೆ. ನಾನು ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು. ಮಾಸ್ತರರು ಹೆಸರು ಕರೆದರೆ ಕಂಬದ ಹಿಂದೆ ಸರಿಯುತ್ತಿದ್ದವಳು. ಮದುವೆಯಾದ ಮೇಲೆ ತರಕಾರಿ ಮಾರುವ ಭಾಜಿಯವನೊಂದಿಗೆ, ರಿಕ್ಷಾದವನೊಂದಿಗೆ, ಡಾಕ್ಟರೊಂದಿಗೆ ಮಾತಾಡುವ ಕೆಲಸವನ್ನೆಲ್ಲ ನಿಮ್ಮ ಅಜ್ಜನೇ ಮಾಡಿದರು. ಅವರು ಹೋದಾಗ ನನ್ನ ಬಾಯನ್ನೂ ಜೊತೆಗೆ ಒಯ್ದಂತಾಯಿತು. ದಿನಾ ಮಧ್ಯಾಹ್ನ ನಿಮ್ಮನ್ನು ನೋಡಿಕೊಳ್ಳಲು ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ಠಾಣೆಗೆ ಬರುತ್ತಿದ್ದೆನಲ್ಲ, ಕೆಲವು ದಿನ ಹೋಗಿ ಬರುವಷ್ಟರಲ್ಲಿ ನಿಮ್ಮಿಬ್ಬರನ್ನು ಬಿಟ್ಟು ಒಬ್ಬರೊಂದಿಗೂ ಒಂದು ಮಾತಿಲ್ಲ.

ಒಂದು ಸಂಜೆ ಸಣ್ಣಜ್ಜ ಮೆಟ್ಟಿಲಲ್ಲಿ ಅಡ್ಡಗಟ್ಟಿದರು.

“ವೈನಿ, ಕನ್ನಡ ಸಂಘದವರು ಅಂತೂ ನನಗ ಭಾಷಣಕ್ಕ ಕರದಾರ. ‘ಅ’ದ ಮ್ಯಾಲೆ! ಲೇಡೀಸ್ ಡಬ್ಬ್ಯಾಗ ಎಲ್ಲಾ ಭಾಷಾ ಕೂತಿರ್ತಾವ. ನನ್ನ ಒಳಗ ಬಿಡೂದಿಲ್ಲ. ನೀವು ಕೇಳ್ಕೊಂಡ ಬರ್ರಿ. ವಾರಕ್ಕ ಒಂದೇ ಶಬ್ದ ಸಾಕು.”

ಬೇಡ ಎನ್ನಲಿಕ್ಕಾದರೂ ಬಾಯಿ ಬೇಕಲ್ಲ? ತಲೆಯಾಡಿಸಿದೆ.

ಆ ವಾರವಿಡೀ ಪಕ್ಕದವರ ಕಡೆ ತಿರುಗುವೆ, ಬಾಯಿ ತೆರೆಯುವೆ, ದಿವಾ ಸ್ಟೇಷನ್ ಬರುವುದು, ಜನ ನುಗ್ಗುವುದು, ಬಾಯಿ ಮುಚ್ಚುವೆ. ಶನಿವಾರ ಸಂಜೆ ಅವರು ಚೀಟಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ಏನ್ ತಂದ್ರಿ?”

“ಅಮಿಂಡೋ,” ಎಂದುಬಿಟ್ಟೆ! ಎಲ್ಲಿಂದ ಬಂತೋ ದೇವರಿಗೇ ಗೊತ್ತು.

“ಯಾವ ಭಾಷಾ?”

“ಸಿಂಧಿ.”

“ಅರ್ಥ?”

ಬೆಳಿಗ್ಗೆ ಸಾರಿಗೆ ಉಪ್ಪು ಹಾಕುವುದು ಮರೆತಿತ್ತು. “ಉಪ್ಪಿಲ್ಲದ ಸಾರು.”

“ಭಲೇ!” ಎಂದು ಬರೆದುಕೊಂಡರು.

ಒಮ್ಮೆ ರುಚಿ ಹತ್ತಿದರೆ ಕೇಳಬೇಕೇ? ಮುಂದಿನ ವಾರ ಬಂಗಾಲಿಯಲ್ಲಿ ‘ಅಟೋಕು’, ಬಾಲವಿಲ್ಲದ ಮೀನು. ಮೀನನ್ನು ಹತ್ತಿರದಿಂದ ನೋಡಿಯೂ ಇರದ ನಾನು! “ಬಾಲ ಇಲ್ಲದ ಮೀನಿಗೂ ಒಂದು ಶಬ್ದ! ಎಂಥಾ ಶ್ರೀಮಂತ ಭಾಷಾರೀ!” ಎಂದು ಅವರು ಕಣ್ಣರಳಿಸಿದರು. ಹೀಗೆ ಒಂಬತ್ತು ಶಬ್ದಗಳನ್ನು ಹೆತ್ತೆ.

ಅವಲ್ಲದೆ ತಂದುಕೊಟ್ಟ ಇನ್ನೆರಡು ಮಾತ್ರ ನಿಜ. ಒಮ್ಮೆ ದಿವಾದ ನೂಕಾಟದಲ್ಲಿ ಮಲಯಾಳಿ ನರ್ಸ್ ಒಬ್ಬಳು ನನ್ನನ್ನು ಎಳೆದು ತನ್ನ ಪಕ್ಕ ಕೂರಿಸಿಕೊಂಡಳು. ಮರ್ಯಾದೆಗೆ ಏನಾದರೂ ಮಾತಾಡಬೇಕಲ್ಲ ಎಂದು ಹರಕು ಹಿಂದಿಯಲ್ಲಿ ಕೇಳಿಯೇಬಿಟ್ಟೆ. ‘ಅವಿಡೆ’ ಎಂದರೆ ‘ಅಲ್ಲಿ’ ಎಂದಳು. “ಹತ್ತು ವರ್ಷದಿಂದ ಇಲ್ಲಿದ್ದೇನೆ, ಮಾತಲ್ಲಿ ಮನೆ ಬಂದರೆ ಕೈ ಇನ್ನೂ ‘ಅವಿಡೆ’ ಅಂತ ಕಿಟಕಿಯ ಹೊರಗೇ ಹೋಗುತ್ತದೆ,” ಎಂದು ನಕ್ಕಳು. ಇನ್ನೊಬ್ಬಳು ಗುಜರಾತಿ ಮುದುಕಿ, ಆಫ್ರಿಕಾದಲ್ಲಿ ಹುಟ್ಟಿದವಳು. ಅಪ್ಪ ಅಂಗಡಿಯಿಂದ ಬರುವುದು ಕಂಡರೆ ಅಡುಗೆಯವಳು ಸ್ವಾಹಿಲಿಯಲ್ಲಿ “ಅನಕೂಜಾ!” ಎಂದು ಕೂಗುತ್ತಿದ್ದಳಂತೆ, ‘ಅವನು ಬರ್ತಿದ್ದಾನೆ’ ಎಂದು. ಏಳು ಮಕ್ಕಳೂ ಮಂಚದ ಕೆಳಗೆ! ಅವನು ಎನ್ನುವುದೆಲ್ಲ ಆ ಮೊದಲಿನ ‘ಅ’ದಲ್ಲೇ ಇದೆಯಂತೆ.

ಆಗ ಸಿಡಿಲು ಬಡಿಯಿತು. “ಶಬ್ದ ಕೊಟ್ಟವರನ್ನೆಲ್ಲ ಭಾಷಣಕ್ಕ ಕರೀರಿ ವೈನಿ. ಅವರ ಎದುರಿಗೇ ಓದತೀನಿ!” ಎಂದರು ಸಣ್ಣಜ್ಜ.

ಇಲ್ಲದ ಸಿಂಧಿಯವಳನ್ನು ಎಲ್ಲಿಂದ ಕರೆತರಲಿ? ಇಷ್ಟು ವರ್ಷ ಕಾದು ಸಿಕ್ಕ ವೇದಿಕೆ ಅವರದು. ಸಭೆಯಲ್ಲಿ ಸಿಂಧಿ ಬಲ್ಲವರು ಒಬ್ಬರೇ ಇದ್ದರೂ ಸಾಕು, ನನ್ನಿಂದ ಅವರ ಮಾನ ಹೋಗುತ್ತದೆ. ಹೇಳಿಬಿಡಬೇಕೆಂದು ಮೂರು ಸಲ ಮೇಲಿನ ಮಾಳಿಗೆಗೆ ಹತ್ತಿದೆ, ಮೂರು ಸಲ ಇಳಿದೆ.

ಸಂಘದ ಸಭೆ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ? ಶಾಲು ಹೊದಿಸುವುದಕ್ಕೆ ಒಂದೂವರೆ ತಾಸು, ಶಾಲು ಹೊದಿಸಿದವರಿಗೆ ಶಾಲು ಹೊದಿಸುವುದಕ್ಕೆ ಅರ್ಧ ತಾಸು, ಭಾಷಣಕ್ಕೆ ಹದಿನೈದು ನಿಮಿಷ. ಒಳಗಿನಿಂದ ಉಪ್ಪಿಟ್ಟಿನ ವಾಸನೆ. ನನ್ನ ಎಡಕ್ಕೆ ನರ್ಸ್, ಬಲಕ್ಕೆ ಗುಜರಾತಿ ಮುದುಕಿ. ಸಂಸ್ಕೃತ ಮುಗಿಯಿತು, ಕನ್ನಡ ಮುಗಿಯಿತು. “ಇನ್ನ ನಮ್ಮ ವೈನಿ ತಂದ ಶಬ್ದ,” ಎಂದು ಸಣ್ಣಜ್ಜ ಹಾಳೆ ತಿರುವಿದರು.

ನಾನು ಎದ್ದು ನಿಂತೆ. ಹೌದು, ನಾನೇ! ಸಾಲೆಯ ಕಂಬದ ಹಿಂದಿನವಳು, ಇನ್ನೂರು ಜನರ ನಡುವೆ! “ಅವು ಸುಳ್ಳು” ಎನ್ನಲು ಬಾಯಿ ತೆರೆದೆ.

“ಎದ್ದಿದ್ದು ಛಲೋ ಆತು,” ಎಂದರು ಸಣ್ಣಜ್ಜ ಮೈಕಿನಲ್ಲಿ. “ವೈನಿ ತಂದದ್ದು ಎರಡೇ ಶಬ್ದ. ನಾ ಹೇಳಿದ್ರ ಬರೇ ಶಬ್ದ ಆಗ್ತದ. ಅವರೇ ಹೇಳಲಿ.”

ಎರಡೇ!

ನರ್ಸಿನ ಕಿಟಕಿ ಹೇಳಿದೆ. ಏಳು ಮಕ್ಕಳ ಮಂಚ ಹೇಳಿದೆ. ಕನ್ನಡ ಒಂದಕ್ಷರ ತಿಳಿಯದ ಗುಜರಾತಿ ಮುದುಕಿ, ಸರಿಯಾದ ಹೊತ್ತಿಗೆ “ಅನಕೂಜಾ!” ಎಂದು ಕೂಗಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಉಪ್ಪಿಟ್ಟು ತಣ್ಣಗಾಯಿತು.

ಮರಳುವಾಗ ರಿಕ್ಷಾದಲ್ಲಿ ತಲೆ ತಗ್ಗಿಸಿ ಕೇಳಿದೆ. “ಉಳಿದ ಒಂಬತ್ತು?”

“ಅವು ನಿಮ್ಮವು. ಗೊತ್ತಿತ್ತ್ರಿ.”

“ಹೆಂಗ ಗೊತ್ತಾತು?”

“ಖರೇ ಶಬ್ದ ತಂದಾಗ ಜೋಡೀಲೆ ಒಬ್ಬಾಕಿನ್ನೂ ಕರ್ಕೊಂಡ ಬರ್ತಿದ್ರಿ. ಆಕಿ ಮನಿ, ಆಕಿ ನಗು, ಎಲ್ಲಾ. ಸುಳ್ಳು ಶಬ್ದ ಒಂಟೀನ ಬರ್ತಿದ್ವು.” ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದರು. “ಅಣ್ಣ ಹೋದಾಗಿಂದ ನಿಮ್ಮ ದನಿ ಕೇಳಿರ್ಲಿಲ್ಲರೀ ವೈನಿ. ಸುಳ್ಳಾದ್ರೂ ಮಾತಾಡಿದ್ರಲ್ಲ ಅಂತ ಬರ್ಕೊಂಡೆ.”

ಮರುದಿನದಿಂದ ಸಾರಿಗೆ ಉಪ್ಪು ಕಡಿಮೆಯಾದರೆ ಅವರೇ ಮೊದಲು “ಅಮಿಂಡೋ!” ಎನ್ನತೊಡಗಿದರು. ನೀವು ಕಲಿತದ್ದು ಅವರಿಂದ. ಅವರು ಹೋಗಿ ಈಗ ಎರಡು ವರ್ಷ. ಮೆಟ್ಟಿಲಲ್ಲಿ ಬಟಾಟೆ ಹಿಡಿದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ.

ಒಂಬತ್ತೂ ಶಬ್ದಗಳನ್ನು ಕೊನೆಯ ಹಾಳೆಯಲ್ಲಿ ಅರ್ಥಸಮೇತ ಬರೆದಿದ್ದೇನೆ. ಅವುಗಳನ್ನು ಆಡುವವರು ಈಗ ನಾವು ಮೂವರೇ. ಹಾಳೆಗಳನ್ನು ಜೋಪಾನವಾಗಿಡಿ. ನಿಮಗೆ ಕನ್ನಡ ಓದುವುದು ಕಷ್ಟ, ನನಗೆ ಗೊತ್ತು. ತಿಳಿಯದಿದ್ದರೆ ಗಾಡಿಯಲ್ಲಿ ಪಕ್ಕದಲ್ಲಿ ಕುಳಿತವರನ್ನು ಕೇಳಿ. ನಾಚಬೇಡಿ. ಅವರು ಹೇಳುವವರೆಗೆ ಕಾಯಿರಿ, ಮತ್ತು ಅವರ ಮನೆ ಎಲ್ಲಿ ಎಂದೂ ಕೇಳಿ.