ಗೋಡೆಯ ಮೇಲೆ ಉರುಳುಸೇವೆ

"ಇನ್ಮೇಲೆ ಈ ಗೋಡೆ ಹತ್ತೋ ಕಯೋಟಿ ಹುಟ್ಟಿ ಬರ್ಬೇಕಷ್ಟೇ!"

ಏಣಿಯ ಮೇಲೆ ನಿಂತ ನಬೋರ್ ಬೊಹೋರ್ಕೆಸ್ ಇಡೀ ಟೂಸಾನ್ ನಗರಕ್ಕೆ ಕೇಳುವಂತೆ ಘೋಷಿಸಿದ. ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತನಾದವನು. ದನಿ ಮಾತ್ರ ಇನ್ನೂ ಡ್ಯೂಟಿಯ ಮೇಲಿತ್ತು. ಹಿತ್ತಿಲಿನ ಆಳೆತ್ತರದ ಗೋಡೆಯ ನೆತ್ತಿಯ ಮೇಲೆ ಸುತ್ತಲೂ, ಮುಟ್ಟಿದರೆ ತಿರುಗುವ ಕೊಳವೆ ಕೂರಿಸಿದ್ದ. ಹತ್ತಲು ಬಂದ ಕಯೋಟಿಯ ಕಾಲು ತಾಗಬೇಕು, ಕೊಳವೆ ಗಿರ್ರನೆ ತಿರುಗಬೇಕು, ಪ್ರಾಣಿ ದೊಪ್ಪನೆ ಬೀಳಬೇಕು. ಹರಕೆ ಹೊರದೆಯೇ ಉರುಳುಸೇವೆ!

ಹೆಂಡತಿ ಅಂಪಾರೋಳ ಐದು ಕೋಳಿಗಳ ಮೇಲೆ ಒಣಹಳ್ಳದ ಕಯೋಟಿಗೆ, ಆ ನರಿಯಂಥ ಕಾಡುನಾಯಿಗೆ, ಕಣ್ಣಿದ್ದದ್ದು ನಿಜ. ಆದರೆ ಅವಳು ದಿನಾ ಉದುರಿದ ಅಂಜೂರ ಗುಡಿಸಿ, ಸಂಜೆಗೆ ಮೊದಲೇ ಗೂಡಿಗೆ ಅಗುಳಿ ಹಾಕಿ ನೆಮ್ಮದಿಯಾಗಿದ್ದಳು.

"ತಿನ್ನೋಕೆ ಏನೂ ಸಿಗ್ದಿದ್ರೆ ಅದ್ಯಾಕೆ ಬರುತ್ತೆ, ಮುದುಕಾ?"

"ಅದು ಪೊರಕೆ ಶಾಸ್ತ್ರ ಕಣೇ ಮುದುಕೀ. ಇದು ವಿಜ್ಞಾನ!"

ಭಾನುವಾರ ಬೆಳಿಗ್ಗೆ ವಿಜ್ಞಾನದ ಪ್ರದರ್ಶನಕ್ಕೆ ಬೀದಿಯವರನ್ನೆಲ್ಲ ಕರೆದ. ಗೋಡೆ ಹತ್ತಲು ಕಯೋಟಿಗೆ ಆಸೆ ಹುಟ್ಟಲಿ ಎಂದು ಹಿತ್ತಿಲ ನಡುವೆ ಆರು ಹಸಿ ಕೋಳಿಕಾಲು ಬೇರೆ ಇಟ್ಟ.

"ಓಡಿಸೋದು ಅಂತೀಯ, ಮಣೆ ಹಾಕಿ ಕರೀತಿದ್ದೀಯಲ್ಲ!" ಎಂದಳು ಅಂಪಾರೋ.

ಜನರನ್ನು ಕಂಡು ಕಯೋಟಿ ಹೆದರದಿರಲೆಂದು ನಬೋರ್ ನೋಡುಗರ ಕುರ್ಚಿಗಳನ್ನು ಹೊರಗೆ, ಗೋಡೆಯ ಮೂಲೆಯಾಚೆ ಸಾಗಿಸಿದ. ಎರಡೂ ಕೈ ತುಂಬಿದ್ದರಿಂದ ಹಿತ್ತಿಲ ಗೇಟಿಗೆ ಕಲ್ಲು ಒತ್ತಿ ತೆರೆದೇ ಬಿಟ್ಟಿದ್ದ. ಕೊನೆಯ ಕುರ್ಚಿಗೆಂದು ಒಳಬರುವಾಗ ಅರಿಯದೆ ಕಲ್ಲನ್ನು ಒದ್ದ. ಗೇಟು ಕ್ಲಿಕ್ಕೆಂದು ಮುಚ್ಚಿಕೊಂಡಿತು. ತಿರುಗಿ ನೋಡಿದರೆ, ಕೋಳಿಕಾಲು ಅಗಿಯುತ್ತ ಕಯೋಟಿ ಒಳಗೇ ನಿಂತಿದೆ!

ನಬೋರ್ ಹಿತ್ತಿಲಲ್ಲೇ ಇದ್ದ ಊಟದ ಮೇಜಿನ ಮೇಲೆ ಹಾರಿದ. ಕಯೋಟಿ ಹಿಂದಿನ ಗೋಡೆಗೆ ಹಾರಿತು. ಗಿರ್ರ್! ದೊಪ್! ಮತ್ತೆ ಹಾರಿತು. ಗಿರ್ರ್! ದೊಪ್!

ಹೊರಗೆ ಕೂತವರಿಗೆ ಕೇಳಿಸಿದ್ದು ಸದ್ದು ಮಾತ್ರ. ಚಪ್ಪಾಳೆಯೋ ಚಪ್ಪಾಳೆ!

"ಭೇಷ್ ನಬೋರ್! ಒಳಗೆ ಬರೋಕೇ ಬಿಡ್ತಿಲ್ಲ ನೋಡಿ!" ಎದುರುಮನೆಯ ಗ್ಲೆಂಡಾ ಕೂಗಿದಳು.

ಒಳಗೇ ಇದೆ ಎಂದು ಕೂಗಲು ಬಾಯಿ ತೆರೆದರೆ ಬಂದದ್ದು ಬರೀ ಗಾಳಿ. ಅಂಥ ಭಯದಲ್ಲೂ ಚಪ್ಪಾಳೆಗೆ ಅವನ ಎದೆ ಒಂದಿಂಚು ಉಬ್ಬಿತೆನ್ನಿ! ಅಷ್ಟರಲ್ಲಿ ದಾರಿಗಾಣದ ಪ್ರಾಣಿ ಮೇಜಿನತ್ತ ತಿರುಗಿ ಹಲ್ಲು ತೋರಿಸಿತು. ಉಬ್ಬಿದ ಎದೆ ಬೆನ್ನಿಗೆ ಅಂಟಿತು.

ಅಡುಗೆಮನೆಯ ಕಿಟಕಿಯಿಂದ ಇದನ್ನು ಕಂಡ ಅಂಪಾರೋ ಕಿರುಚಲಿಲ್ಲ. ಮುಂಬಾಗಿಲಿನಿಂದ ಸುತ್ತಿ ಹೋದಳು, ಜನರನ್ನು ದೂರ ಸರಿಸಿದಳು, ಗೇಟನ್ನು ಪೂರ್ತಿ ತೆರೆದು ಕಲ್ಲು ಒತ್ತಿದಳು. ಮತ್ತೆ ಮನೆಯೊಳಗಿಂದ ಹಿತ್ತಿಲ ಬಾಗಿಲಿಗೆ ಬಂದಾಗ ಕೈಯಲ್ಲಿ ಬಾಣಲೆ, ಸೌಟು!

"ಓಡ್ಸೋಕೆ ಮೊದ್ಲು ಓಡೋಕೆ ದಾರಿ ಬಿಡ್ಬೇಕು, ಮುದುಕಾ!" ಎಂದವಳೇ ಎರಡೂ ಕೈ ಮೇಲೆತ್ತಿ, ಕಯೋಟಿಯ ಕಣ್ಣಲ್ಲಿ ಕಣ್ಣಿಟ್ಟು ಢಣ್! ಢಣ್! ಢಣ್!

ಕಯೋಟಿ ಒಮ್ಮೆ ಅವಳನ್ನು ನೋಡಿತು. ಕೊನೆಯ ಕೋಳಿಕಾಲನ್ನು ಕಚ್ಚಿಕೊಂಡು ಗೇಟು ದಾಟಿ ಹಳ್ಳದ ಕಡೆ ಓಡಿತು.

ಬೀದಿಯೆಲ್ಲ ಒಳನುಗ್ಗಿತು. ನಬೋರನಿಗೆ ದನಿ ಮರಳಿತು. ಮೇಜಿನ ಮೇಲಿಂದಲೇ ಎದೆ ತಟ್ಟಿಕೊಂಡ.

"ನೋಡಿದ್ರಾ! ಅವಳು ನನ್ ಹೆಂಡ್ತಿ! ಇಡೀ ಅರಿಜೋನಾದಲ್ಲಿ ಇಂಥವಳು ಇನ್ನೊಬ್ಳಿಲ್ಲ!"

ಗ್ಲೆಂಡಾ ಮೇಜಿನತ್ತ ಕಣ್ಣು ಹಾಯಿಸಿದಳು. "ಅಂಪಾರೋ, ಇದೊಂದನ್ನೂ ಹಾಗೇ ಓಡ್ಸಿಬಿಡು!"

"ಇದು ಹೋಗಲ್ಲ ಗ್ಲೆಂಡಾ. ಬಾಣಲೆ ಸದ್ದಿಗೆ ಅದು ಓಡಿ ಹೋಗುತ್ತೆ. ಇದು ಓಡಿ ಬರುತ್ತೆ!"