ಟೈರು ಒತ್ತಿ ನೋಡುವ ಅತ್ತೆ

ನಮ್ಮ ಸೋದರತ್ತೆ ಬ್ರೇಕ್ ಇನ್ಸ್‌ಪೆಕ್ಟರ್ ಆಗಬೇಕಿತ್ತು. ಆಗಲಿಲ್ಲ. ಅದು ಸರ್ಕಾರದ ದುರದೃಷ್ಟವೋ ಬಸ್ಸಿನವರ ಅದೃಷ್ಟವೋ ನನಗೆ ಗೊತ್ತಿಲ್ಲ. ಆದರೆ ಒಂದು ಮಾತು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ನಮ್ಮ ಜಿಲ್ಲೆಯ ಯಾವ ಇನ್ಸ್‌ಪೆಕ್ಟರೂ ತನ್ನ ಇಡೀ ಸರ್ವೀಸಿನಲ್ಲಿ ಬೇಡವೆಂದಷ್ಟು ಬಸ್ಸುಗಳನ್ನು ಅತ್ತೆ ಒಂದೇ ಮದುವೆ ಸೀಸನ್ನಿನಲ್ಲಿ ಬೇಡವೆಂದಿದ್ದಾಳೆ!

ಎಪ್ಪತ್ತರ ದಶಕದ ಮಾತು. ಅಪ್ಪ ಮುಳಬಾಗಿಲಿನಲ್ಲಿ ದೇವಸ್ಥಾನದ ಅರ್ಚಕರು. ಅಮ್ಮ ನನಗೆ ಎರಡು ವರ್ಷವಿದ್ದಾಗಲೇ ತೀರಿಕೊಂಡಳು. ಅಂದಿನಿಂದ ನನ್ನನ್ನು ಸಾಕಿದವಳು ಅಪ್ಪನ ಈ ಅಕ್ಕ. ನಮ್ಮೂರಿಗೆ ರೈಲಿರಲಿಲ್ಲ, ಎಲ್ಲಿಗೆ ಹೋಗಬೇಕಾದರೂ ಬಸ್ಸೇ ಗತಿ. ಅತ್ತೆಗೋ ಬಸ್ಸೆಂದರೆ ಕೈಕಾಲು ನಡುಕ. ಹಾಗಂತ ಮನೆಯಲ್ಲಿ ಕೂರುವ ಹೆಂಗಸೇ ಅವಳು? ನೆಂಟರ ಮನೆಯ ಒಂದು ನಾಮಕರಣವನ್ನೂ ಬಿಟ್ಟವಳಲ್ಲ!

ಬಸ್ಸು ಬಂದು ನಿಂತರೆ ಎಲ್ಲರೂ ಬಾಗಿಲ ಕಡೆ ಓಡಿದರೆ ಅತ್ತೆ ಚಕ್ರದ ಕಡೆ ನಡೆಯುತ್ತಿದ್ದಳು. ಬಗ್ಗಿ, ಆರು ಟೈರುಗಳನ್ನೂ ಹೆಬ್ಬೆರಳಿನಿಂದ ಒತ್ತುತ್ತಿದ್ದಳು, ಮಾವಿನ ಹಣ್ಣು ಕೊಳ್ಳುವವರ ಹಾಗೆ. ಒಂದು ಸಲ ಒಬ್ಬ ಬಕ್ಕತಲೆಯ ಡ್ರೈವರನ್ನು ಕರೆದು, "ಏನಪ್ಪಾ ಇದು, ಟೈರು ಇಷ್ಟು ನುಣ್ಣಗಾಗಿದೆ?" ಎಂದು ಕೇಳಿದಳು.

ಅವನು ಖಾಕಿ ಟೋಪಿ ತೆಗೆದು ತಲೆ ತೋರಿಸಿ, "ಇದೂ ನುಣ್ಣಗಾಗಿದೆ ಅಮ್ಮಾ, ಆದ್ರೂ ಕೆಲ್ಸ ಮಾಡ್ತೈತೆ. ಹತ್ತಿ!" ಎಂದ.

ಅತ್ತೆ ಹತ್ತಲಿಲ್ಲ. ನಾವು ಮುಂದಿನ ಬಸ್ಸಿಗೆ ಕಾದೆವು. ನಾಮಕರಣಕ್ಕೆ ಹೋಗಿ ಸೇರುವಷ್ಟರಲ್ಲಿ ಮಗು ತನ್ನ ಹೊಸ ಹೆಸರಿಗೆ ಒಗ್ಗಿಕೊಂಡೇಬಿಟ್ಟಿತ್ತು!

ಟೈರು ಪಾಸಾದರೆ ಆಮೇಲೆ ಡ್ರೈವರ್ ಪರೀಕ್ಷೆ. ನಮ್ಮ ಕಡೆಯ ಅರ್ಧ ಡ್ರೈವರುಗಳು ತೆಲುಗಿನವರು, ಅತ್ತೆಗೆ ತೆಲುಗು ನೀರು ಕುಡಿದಷ್ಟು ಸಲೀಸು. "ಏಮಯ್ಯಾ, ರಾತ್ರಿ ಬಾಗಾ ನಿದ್ರಪೋಯಾವಾ?" ಎಂದು ಶುರು ಮಾಡುತ್ತಿದ್ದಳು. ನಿದ್ದೆ ಆಯ್ತಾ, ಊಟ ಆಯ್ತಾ, ಮನೆಯಲ್ಲಿ ಹೆಂಡತಿಯ ಜೊತೆ ಜಗಳವೇನಾದರೂ? ಪಾಪ, ಒಬ್ಬ ಡ್ರೈವರು ಜಗಳವಾಗಿದ್ದು ಹೌದೆಂದು ಒಪ್ಪಿಕೊಂಡ. ಅವನಿಗೆ ಹದಿನೈದು ನಿಮಿಷ ಬುದ್ಧಿ ಹೇಳಿ, ಸಂಜೆ ಹೂವು ತೆಗೆದುಕೊಂಡು ಹೋಗುತ್ತೇನೆಂದು ಮಾತು ತೆಗೆದುಕೊಂಡ ಮೇಲೆಯೇ ಬಸ್ಸು ಹೊರಟಿದ್ದು.

ಕೊನೆಗೆ ಹುರಿಗಡಲೆ. ಅತ್ತೆಯ ಚೀಲದಲ್ಲಿ ಹುರಿಗಡಲೆ, ಕಡಲೆಬೀಜ, ಕೊಬ್ಬರಿಚೂರು ಬೆರೆಸಿದ ಪೊಟ್ಟಣ ಯಾವಾಗಲೂ ಇರುತ್ತಿತ್ತು. ಅದು ನಮಗಲ್ಲ, ಡ್ರೈವರಿಗೆ! "ಬಾಯಾಡಿಸ್ತಾ ಇರೋನಿಗೆ ನಿದ್ದೆ ಹತ್ತಲ್ಲ ಕಣೇ" ಎನ್ನುವುದು ಅವಳು ಕಂಡುಹಿಡಿದ ವಿಜ್ಞಾನ. ನಾನೊಮ್ಮೆ ಮೊಸರನ್ನ ಕೊಡೋಣವೇ ಎಂದದ್ದಕ್ಕೆ, ಬಸ್ಸನ್ನೇ ಕೆರೆಗೆ ತಳ್ಳೋಣವೇ ಎಂದು ಕೇಳಿದವಳಂತೆ ನನ್ನನ್ನು ನೋಡಿದಳು.

ಇಷ್ಟೆಲ್ಲ ಆಗಿ ಬಸ್ಸು ಹತ್ತಿದರೂ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. "ಡ್ರೈವರ್ ಜೊತೆ ಇನ್ನೊಬ್ಬರು ಎಚ್ಚರವಾಗಿರಬೇಕು" ಎನ್ನುತ್ತಿದ್ದಳು. ಬಸ್ಸು ತುಂಬ ಜನ ಗೊರಕೆ ಹೊಡೆಯುತ್ತಿದ್ದರೆ, ಅವರೆಲ್ಲರ ಪರವಾಗಿ ನಮ್ಮ ಅತ್ತೆ ಒಬ್ಬಳೇ ರಸ್ತೆ ನೋಡುತ್ತಿದ್ದಳು!

ಒಂದೇ ಒಂದು ಸಲ ಅವಳು ಟೈರು ನೋಡದೆ ಹತ್ತಿದ್ದು ನನಗೆ ಗೊತ್ತಿತ್ತು. ಅಪ್ಪ ಶಿವಾರಪಟ್ಟಣದಲ್ಲಿ ಕೆತ್ತಿಸಿದ ಗಣಪತಿಯನ್ನು ಮಾಲೂರಿನಿಂದ ಬಸ್ಸಿನಲ್ಲಿ ತರುತ್ತಿದ್ದೆವು. "ವಿಘ್ನೇಶ್ವರನೇ ಜೊತೆಗಿರುವಾಗ ಟೈರೇನು ನೋಡೋದು!" ಎಂದು ಅತ್ತೆ ಧೈರ್ಯವಾಗಿ ಹತ್ತಿ ಕೂತಳು. ಅರ್ಧ ದಾರಿಯಲ್ಲಿ ಢಬ್ ಎಂದು ಪಂಕ್ಚರ್! ಎಲ್ಲರೂ ಇಳಿದೆವು. ನಾನು ಬೇಕಂತಲೇ ಅತ್ತೆಯ ಮುಖ ನೋಡಿದೆ.

"ಹಲ್ಲು ಕಿಸೀಬೇಡ" ಎಂದಳು ಅತ್ತೆ. "ಅವನಿಗಿನ್ನೂ ಪ್ರತಿಷ್ಠೆ ಆಗಿಲ್ಲ. ಚಾರ್ಜು ತಗೊಳ್ಳೋ ಮುಂಚೆ ಯಾರಾದ್ರೂ ಕೆಲಸ ಮಾಡ್ತಾರೇನೇ?"

ಇಲ್ಲಿಯವರೆಗೆ ನಕ್ಕಿದ್ದಾಯಿತು. ಆದರೆ ಈ ಭಯ ಒಂದು ಸಲ ನನ್ನ ಬುಡಕ್ಕೇ ಬಂತು. ಬಿ.ಎಡ್. ಮುಗಿಸಿ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಚಿಕ್ಕಬಳ್ಳಾಪುರದಲ್ಲಿ ಮಧ್ಯಾಹ್ನ ಎರಡಕ್ಕೆ ಇಂಟರ್‌ವ್ಯೂ. ಅಷ್ಟು ದೂರ ಬಸ್ಸು ಬೇಡವೇ ಬೇಡ ಎಂದು ಅತ್ತೆ ಹಟ ಹಿಡಿದಳು. ಕೋಲಾರದವರೆಗೆ ಹೇಗೋ ಬಸ್ಸು, ಅಲ್ಲಿಂದ ಚಿಕ್ಕ ರೈಲು. "ಹಳಿ ಬಿಟ್ಟು ಎಲ್ಲಿಗೂ ಹೋಗಲ್ಲ, ಸಾಧು ಪ್ರಾಣಿ" ಎಂದು ಅದಕ್ಕೆ ಸರ್ಟಿಫಿಕೇಟು ಬೇರೆ.

ಸಾಧುವೇನೋ ಹೌದು. ಎಮ್ಮೆ ಅಡ್ಡ ಮಲಗಿದ್ದರೆ ಅದು ಎದ್ದು ಹೋಗುವವರೆಗೆ ಮರ್ಯಾದೆಯಿಂದ ನಿಲ್ಲುತ್ತಿತ್ತು. ಶ್ರೀನಿವಾಸಪುರದಲ್ಲಿ ಎಂಜಿನ್ನು ನೀರು ಕುಡಿಯಲು ನಿಂತದ್ದು ಏಳಲೇ ಇಲ್ಲ. ನಾವು ಕೆಳಗಿಳಿದು, ಮಾವಿನ ಮರದ ನೆರಳಲ್ಲಿ ಚಿತ್ರಾನ್ನ ತಿಂದು, ಕೈ ತೊಳೆದು ಬಂದರೂ ರೈಲು ಅಲ್ಲೇ ಇತ್ತು. ಚಿಕ್ಕಬಳ್ಳಾಪುರ ಸೇರಿದಾಗ ಸಂಜೆ ಐದು. ಕಚೇರಿಯ ಜವಾನ ಬಾಗಿಲಿಗೆ ಬೀಗ ಹಾಕುತ್ತಿದ್ದ.

ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. "ನಿನ್ನ ಭಯ ನನ್ನ ಹಣೆಬರಹಾನೇ ತಿಂದುಹಾಕ್ತು" ಎಂದು ಅಂದುಬಿಟ್ಟೆ. ವಾಪಸು ಬರುವಾಗ ಬಸ್ಸಿಗೇ ಬಂದೆವು. ಅವತ್ತು ಅತ್ತೆ ಟೈರು ಒತ್ತಿದಳಾದರೂ ಡ್ರೈವರನ್ನು ಏನೂ ಕೇಳಲಿಲ್ಲ.

ಒಂದು ವರ್ಷ ಖಾಲಿ ಕೂತೆ. ಆಮೇಲೆ ಬೇರೊಂದು ಅರ್ಜಿಗೆ ಆರ್ಡರ್ ಬಂತು, ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲಿಗೆ! ಸೋಮವಾರದೊಳಗೆ ಸೇರದಿದ್ದರೆ ಕೆಲಸ ರದ್ದು. ಕಾಗದ ನಮ್ಮ ಕೈಗೆ ಸಿಕ್ಕಿದ್ದು ಶುಕ್ರವಾರ ಸಂಜೆ. ಇಡೀ ಒಂದು ಹಗಲಿನ ಬಸ್ಸು ಪ್ರಯಾಣ. ಅಪ್ಪ ಪೂಜೆ ಬಿಟ್ಟು ಬರುವಂತಿಲ್ಲ, ಎರಡು ದಿನ ನೈವೇದ್ಯದ ಅಡುಗೆ ಬಿಟ್ಟು ಅತ್ತೆಯೂ ಬರುವಂತಿಲ್ಲ, ನಾನೊಬ್ಬಳೇ ಹೋಗಬೇಕು. ನಾನೂ ಅಪ್ಪನೂ ಉಸಿರು ಬಿಗಿಹಿಡಿದು ಅತ್ತೆಯ ಮುಖ ನೋಡಿದೆವು. ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಿಂದ ಕಡಲೆಬೀಜ ಹುರಿಯುವ ವಾಸನೆ ಬಂತು!

ಭಾನುವಾರ ಬೆಳಿಗ್ಗೆ ಆರಕ್ಕೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಆರೂ ಟೈರುಗಳ ಪರೀಕ್ಷೆಯಾಯಿತು. ಪೊದೆ ಮೀಸೆಯ ದಾವಣಗೆರೆ ಬಸ್ಸಿನ ಡ್ರೈವರನ್ನು ಅತ್ತೆ ಪಕ್ಕಕ್ಕೆ ಕರೆದು ಅದೇನೋ ಗುಟ್ಟು ಹೇಳಿದಳು. ದೊಡ್ಡ ಪೊಟ್ಟಣ ಕೊಟ್ಟಳು. ನನ್ನ ಕೈಗೆ ಮನೆಯ ವಿಳಾಸ ಬರೆದ ಒಂದು ಅಂಚೆ ಕಾರ್ಡು ತುರುಕಿದಳು. "ಇಳಿದ ತಕ್ಷಣ ಬರೆದು ಡಬ್ಬಿಗೆ ಹಾಕು. ಮರೀಬೇಡ ಕಣೇ."

ಮರೆತೆ! ಹೊಸ ಊರು, ಹೊಸ ಕೆಲಸ, ಮೊದಲ ಸಲ ನನ್ನನ್ನು "ಮಿಸ್" ಎಂದು ಕರೆಯುವ ನಲವತ್ತು ಹುಡುಗಿಯರು. ಕಾರ್ಡು ನೆನಪಾದದ್ದು ಒಂಬತ್ತು ದಿನಗಳ ಮೇಲೆ. ಅವತ್ತು ದಾವಣಗೆರೆಯಲ್ಲಿ ಇಳಿದಾಗ ಆ ಡ್ರೈವರು ಹುರಿಗಡಲೆ ಜಗಿಯುತ್ತಲೇ ನನ್ನ ಟ್ರಂಕು ಹೊತ್ತು ಹತ್ತಿರದ ಹಾಸ್ಟೆಲ್ಲಿನವರೆಗೂ ಬಂದಿದ್ದ. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡಿದ್ದೆ, ಅಷ್ಟೇ.

ದೀಪಾವಳಿಗೆ ಊರಿಗೆ ಹೊರಟೆ. ಕಾರ್ಡಿಗೆ ಬೈಸಿಕೊಳ್ಳಲು ತಯಾರಾಗಿಯೇ ಕೋಲಾರದಲ್ಲಿ ಮುಳಬಾಗಿಲಿನ ಬಸ್ಸು ಹತ್ತಿದೆ. ಹಳೆಯ ಪರಿಚಯದ ಕಂಡಕ್ಟರು ನನ್ನನ್ನು ನೋಡಿ ನಕ್ಕ.

"ಟೈರು ಅಮ್ಮನ ಮನೆಯೋರಲ್ವಾ? ನಿಮ್ಮಿಂದ ಅವತ್ತು ನಮ್ ಜೀವಾನೇ ಹೋಗಿತ್ತು ನೋಡಿ!"

"ಯಾವತ್ತು? ಏನಾಯ್ತು?"

"ನೀವು ದಾವಣಗೆರೆಗೆ ಹೋದ್ರಲ್ಲ, ಅದರ ಮಾರನೇ ದಿನ. ಮಧ್ಯಾಹ್ನ ಮುಳಬಾಗಿಲಲ್ಲಿ ರೈಟ್ ಹೇಳಿದೀನಿ, ಬಸ್ಸು ಹೊರಟದೆ. ನಿಮ್ಮತ್ತೆ ಓಡಿ ಬಂದ್ರು. ನಿಲ್ಸೋ ಮುಂಚೇನೇ ಕಂಬಿ ಹಿಡ್ಕೊಂಡು ಹತ್ತೇಬಿಟ್ರು! ಟೈರು ನೋಡಲ್ವಾ ಅಮ್ಮಾ ಅಂದೆ. ಟೈರ್ ಮನೆ ಹಾಳಾಗ, ಹೋಗೋ ಬೇಗ ಅಂದ್ರು."

ಅವನು ನನ್ನ ಕೈಯಿಂದ ಚಿಲ್ಲರೆ ತೆಗೆದುಕೊಂಡು ಮುಂದುವರಿಸಿದ.

"ಕೋಲಾರದಲ್ಲಿ ದಾವಣಗೆರೆ ಬಸ್ಸು ವಾಪಸ್ ಬರೋವರ್ಗೂ ಬಿಸಿಲಲ್ಲಿ ನಿಂತೇ ಇದ್ರು. ಆ ಡ್ರೈವರು ಇಳೀತಿದ್ದಂಗೇ, ನಮ್ಮ ಮಗು ಸೇರಿದಳಾ ಅಂತ ಕೇಳಿದ್ರು. ಸೇರಿದ್ರು ಅಮ್ಮಾ ಅಂದ. ಹಾಸ್ಟೆಲ್ ಗೇಟಿನ ಬಣ್ಣ ಹೇಳು ಅಂದ್ರು. ನೋಡ್ಕೊಂಡು ಬಾ ಅಂತ ಮೊದ್ಲೇ ಹೇಳಿದ್ರಂತೆ, ಸುಮ್ನೆ ಸುಳ್ಳು ಹೇಳ್ಬಾರ್ದು ಅಂತ. ಹಸಿರು ಅಂದ. ಅಲ್ಲೇ ಕೂತು ಅತ್ತುಬಿಟ್ರು ತಾಯಿ."

ಅವನು ಟಿಕೆಟು ಹರಿದು ಕೊಟ್ಟು, ತಾನೇ ನಂಬಲಾರದವನಂತೆ ತಲೆಯಾಡಿಸಿದ. "ಇನ್ನೊಂದು ಹೇಳ್ತೀನಿ ಕೇಳಿ. ವಾಪಸ್ ಬರುವಾಗ ನಮ್ ಬಸ್ಸಲ್ಲೇ ಬಂದ್ರು. ಮುಳಬಾಗಿಲು ಬರೋವರ್ಗೂ ನಿದ್ದೆ! ನಾನೇ ಎಬ್ಬಿಸಿ ಇಳಿಸಿದೆ."

ಉಳಿದ ದಾರಿಯಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಚಿಕ್ಕಬಳ್ಳಾಪುರದ ಮೆಟ್ಟಿಲ ಮೇಲೆ ನಾನು ಅಂದ ಮಾತು ನೆನಪಾಗುತ್ತಲೇ ಇತ್ತು. ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕಾರ್ಡಿನ ಮಾತೆತ್ತಲಿಲ್ಲ, ಗೇಟಿನ ಬಣ್ಣದ ಮಾತೂ ಎತ್ತಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ, ಟೈರು ನೋಡಿ ಹತ್ತಿದ್ಯಾ?"

ನಾನು ಚೀಲ ಕೆಳಗಿಟ್ಟು ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ.

"ನೋಡ್ದೆ ಅತ್ತೆ," ಎಂದೆ. "ಆರೂ ನೋಡ್ದೆ."