ಬೀಗರಿಗೆ ಬರೆದ ಇಂಗ್ಲಿಷ್ ಉತ್ತರ

ನನಗೆ ನೇರವಾಗಿ ‘ಹೂಂ’ ಅನ್ನಲು ಬರುವುದಿಲ್ಲ. ‘ಊಹೂಂ’ ಅನ್ನಲೂ ಬರುವುದಿಲ್ಲ. ಇದು ಹುಟ್ಟುಗುಣವಲ್ಲ, ಮೂವತ್ತು ಚಿಲ್ಲರೆ ವರ್ಷ ದಾವಣಗೆರೆಯ ಒಂದು ಕಚೇರಿಯಲ್ಲಿ ಕೂತು ಇಂಗ್ಲಿಷ್ ಪತ್ರಗಳ ಕರಡು ಬರೆದಿದ್ದರ ಫಲ. ನೌಕರಿಯಿಂದ ಕೆಲವರಿಗೆ ಬೆನ್ನುನೋವು ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ನನಗೆ ‘ಪ್ರಾಬಬ್ಲಿ’ ಬಂತು. ನಿವೃತ್ತನಾಗಿ ಎಸ್.ಎಸ್. ಬಡಾವಣೆಯ ಮನೆಯಲ್ಲಿ ಕಾಲು ಚಾಚಿ ಕೂತಮೇಲೂ ಅದು ಬಿಟ್ಟಿಲ್ಲ. ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ?’ ಎಂದು ಹೆಂಡತಿ ಗಿರಿಜಾ ಕೇಳಿದರೆ, ‘ಹಾಕಿದರೆ ಬಹುಶಃ ತಿನ್ನಬಹುದು’ ಎನ್ನುತ್ತೇನೆ. ಆಕೆ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಬಿಡುತ್ತಾಳೆ.

ಈ ವಿದ್ಯೆ ಕಲಿಸಿದವರು ನಮ್ಮ ಹೆಡ್ ಕ್ಲರ್ಕ್ ರುದ್ರಪ್ಪನವರು. ಕೊಕ್ಕನೂರಿನವರು, ಬೆಳಿಗ್ಗೆ ಹೊಲಕ್ಕೊಂದು ಸುತ್ತು ಹಾಕಿಯೇ ಆಫೀಸಿಗೆ ಬರುತ್ತಿದ್ದರು, ಚಪ್ಪಲಿಗೆ ಕರಿಮಣ್ಣು ಹತ್ತಿರುತ್ತಿತ್ತು. ಆದರೆ ಕೆಂಪು ಮಸಿ ಪೆನ್ನು ಹಿಡಿದರೆ ಸಾಕ್ಷಾತ್ ಲಂಡನ್ನಿನಲ್ಲಿ ಹುಟ್ಟಿದವರ ಗತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಅರ್ಜಿದಾರರಿಗೆ ‘ವಿ ವಿಲ್ ಡೂ ಇಟ್’ ಎಂದು ಉತ್ತರ ಬರೆದಿದ್ದೆ. ಅದನ್ನು ನೋಡಿ ಅವರು ಕನ್ನಡಕ ತೆಗೆದಿಟ್ಟರು. ‘ಏನಪಾ, ಹಿಂಗೆ ಬರದ್ರೆ ನಾಳಿನೇ ಬಂದು ಇಲ್ಲೇ ಕೂಡ್ತಾನೆ ಆ ಮನುಷ್ಯ. ಇಂಗ್ಲಿಷ್ನೋರು ಹಂಗೆ ಬರೀ ಮೈಯಾಗೆ ಮಾತು ಕೊಡಲ್ಲ. ವಿಲ್ಲಿಗೂ ಡೂಗೂ ನಡುವೆ ಒಬ್ಬನ್ನ ಕೂಡ್ರಿಸ್ತಾರೆ’ ಎಂದರು. ಹರಿಹರದ ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ‘ಸ್ವಲ್ಪ ಸರೀರಿ’ ಎಂದು ಮೂರನೆಯವರು ತೂರಿಕೊಳ್ಳುತ್ತಾರಲ್ಲ, ಹಾಗೆ ‘ಸರ್ಟನ್ಲಿ’ಯನ್ನು ನಡುವೆ ತೂರಿಸಿದರು. ವಾಕ್ಯ ಒಮ್ಮೆಲೇ ಮರ್ಯಾದಸ್ಥರ ಹಾಗೆ ಕಂಡಿತು.

ಮುಂದೆ ಒಂದೊಂದಾಗಿ ಒಳಗುಟ್ಟು ಬಿಚ್ಚಿದರು. ‘ಮೇ ಪಾಸಿಬ್ಲಿ’ ಎಂದರೆ ಸಾಹೇಬರ ಮೂಡ್ ನೋಡಬೇಕು ಎಂದು ಅರ್ಥ. ‘ವುಡ್ ಮೋಸ್ಟ್ ಪ್ರಾಬಬ್ಲಿ’ ಎಂದರೆ ಫೈಲು ಎಲ್ಲಿದೆಯೋ ಗೊತ್ತಿಲ್ಲ. ‘ಕ್ಯಾನ್ ಈಸಿಲಿ’ಯನ್ನು ಜನ್ಮದಲ್ಲಿ ಬರೆಯಕೂಡದು. ‘ವಿಲ್ ಸರ್ಟನ್ಲಿ ಬಿ ಕನ್ಸಿಡರ್ಡ್’ ಎಂದರೆ ಮುಗಿಯಿತು, ಆ ಕೆಲಸ ಏಳೇಳು ಜನ್ಮಕ್ಕೂ ಆಗುವುದಿಲ್ಲ, ಫೈಲಿಗೆ ದಾರ ಕಟ್ಟಿ ಮೇಲಿಡಬೇಕು. ‘ಹಂಗಾದ್ರೆ ನಿಜವಾಗ್ಲೂ ಆಗೋ ಕೆಲಸಕ್ಕೆ ಏನು ಬರೀಬೇಕು ಸರ್?’ ಎಂದು ಕೇಳಿದ್ದೆ. ‘ಅದಕ್ಕೇನು ಬರೀತಿ, ಆಗೋದು ತಾನಾಗೇ ಆಕ್ಕತಿ’ ಎಂದು ನಕ್ಕಿದ್ದರು. ಟೈಪ್‌ರೈಟರುಗಳ ಕಟಕಟ, ಮಧ್ಯಾಹ್ನ ನಾಲ್ಕಕ್ಕೆ ಕಾಗದದ ಮೇಲೆ ಸುರುವಿದ ಮಂಡಕ್ಕಿ, ಅದರ ಸುತ್ತ ನಾವು ಐದು ಜನ, ಮಿರ್ಚಿ ತಿಂದ ಕೈಯಲ್ಲೇ ರುದ್ರಪ್ಪನವರು ತಿದ್ದಿ ಎಣ್ಣೆಯ ಗುರುತು ಬಿಟ್ಟ ಕರಡುಗಳು. ಅವರು ಹೋಗಿ ಬಹಳ ವರ್ಷವಾಯಿತು. ಈಗಲೂ ಆ ದಿನಗಳು ನೆನಪಾದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ.

ಈ ಭಾಷೆಯನ್ನು ಮನೆಗೆ ತಂದಿದ್ದು ನನ್ನ ತಪ್ಪು. ಮಗಳು ಸವಿತಾ ಚಿಕ್ಕವಳಿದ್ದಾಗ ಹೈಸ್ಕೂಲ್ ಮೈದಾನಕ್ಕೆ ಸರ್ಕಸ್ ಬಂದಿತ್ತು. ‘ಹೋಗೋಣೇನಪ್ಪ?’ ಅಂದಳು. ‘ಖಂಡಿತವಾಗಿ ನೋಡೋಣ’ ಅಂದೆ. ಮಗು ಒಳಗೆ ಹೋಗಿ ‘ಅಮ್ಮ, ಅಪ್ಪ ಕರಕಂಡು ಹೋಗಲ್ಲಂತೆ’ ಎಂದು ವರದಿ ಕೊಟ್ಟಿತು. ಎರಡನೇ ಕ್ಲಾಸಿಗೇ ನಮ್ಮ ಇಲಾಖೆಯ ಪರೀಕ್ಷೆ ಪಾಸು. ಆ ಸಂಜೆ ನಾಚಿಕೆಯಾಗಿ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸರ್ಕಸ್ಸಿಗೆ ಹೋದೆ. ದಾರಿಯುದ್ದಕ್ಕೂ ಅವಳು ಬೆಲ್ಲು ಬಾರಿಸುತ್ತಲೇ ಇದ್ದಳು, ನಾನು ಬೇಡ ಅನ್ನಲಿಲ್ಲ.

ಅದೇ ಸವಿತಾ ಈಗ ಇಲ್ಲಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಹೋದ ತಿಂಗಳು ಹರಿಹರದಿಂದ ಅವಳನ್ನು ನೋಡಲು ಬಂದಿದ್ದರು. ಹುಡುಗ ಮಂಜುನಾಥ, ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಸ್ವಂತ ವರ್ಕ್‌ಶಾಪ್ ಇಟ್ಟಿದ್ದಾನೆ. ಕಡಿಮೆ ಮಾತಿನವನು, ನಮ್ಮ ಮನೆಯ ಫ್ಯಾನಿನ ಸದ್ದು ಕೇಳಿಯೇ ಅದರ ರೋಗ ಹೇಳಿದ. ಅವನ ತಂದೆ ಬಸವರಾಜಪ್ಪನವರು ನನ್ನ ಹಾಗೆಯೇ ನಿವೃತ್ತರು, ಬೇರೆ ಇಲಾಖೆಯ ಸೂಪರಿಂಟೆಂಡೆಂಟ್. ನಮ್ಮ ಕಡೆ ಹೆಣ್ಣು ನೋಡಿದವರು ಅಲ್ಲೇ ಏನೂ ಹೇಳುವುದಿಲ್ಲ. ‘ತಿಳಿಸ್ತೀವ್ರಿ’ ಎಂದು ಎದ್ದು ಹೋಗುತ್ತಾರೆ. ಇವರೂ ಹಾಗೇ ಹೋದರು. ಮರುದಿನ ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲಿ ಬಂತು: ‘ವಿ ಲೈಕ್ ದಿ ಗರ್ಲ್. ಯುವರ್ ರಿಪ್ಲೈ ಪ್ಲೀಸ್.’ ಸವಿತಾಳನ್ನು ಕೇಳಿದೆವು. ‘ನನಗೂ ಇಷ್ಟ ಐತಪ್ಪ’ ಎಂದು ನೆಲ ನೋಡಿಕೊಂಡೇ ಹೇಳಿ ಒಳಗೆ ಹೋದಳು. ಹಾಗೆ ನೆಲ ನೋಡಿ ಮಾತಾಡಿದ್ದನ್ನು ಅವಳ ಆಯುಷ್ಯದಲ್ಲಿ ನಾನು ನೋಡಿರಲಿಲ್ಲ.

ಒಂದು ‘ಹೂಂ’ ಕಳಿಸಿದ್ದರೆ ಮುಗಿಯುತ್ತಿತ್ತು. ನಾನು ಎರಡು ದಿನ ಕರಡು ಬರೆದೆ. ಇಂಗ್ಲಿಷಿನಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲೇ ಘನತೆಯಿಂದ ಹೇಳಬೇಡವೇ? ಕೊನೆಗೆ ಕಳಿಸಿದ್ದು ಇದು: ‘ಯುವರ್ ಪ್ರೊಪೋಸಲ್ ವಿಲ್ ಸರ್ಟನ್ಲಿ ಬಿ ಕನ್ಸಿಡರ್ಡ್, ಅಂಡ್ ವಿ ವುಡ್ ಮೋಸ್ಟ್ ಪ್ರಾಬಬ್ಲಿ ಬಿ ಹ್ಯಾಪಿ.’ ಎರಡು ಸಲ ಓದಿ, ರುದ್ರಪ್ಪನವರು ಇದ್ದಿದ್ದರೆ ಒಂದು ಕೆಂಪು ಗೆರೆಯೂ ಬೀಳುತ್ತಿರಲಿಲ್ಲ ಎಂದು ಬೀಗಿದೆ.

ಹರಿಹರದಿಂದ ಉತ್ತರವಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಶುಕ್ರವಾರ ಸಂಜೆ ಸವಿತಾ ಕಾಲೇಜಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ನನ್ನ ಮುಂದೆ ನಿಂತಳು. ‘ನೀನು ಅವರಿಗೆ ಬ್ಯಾಡ ಅಂತ ಬರದೀಯಂತೆ. ಮಂಜುನಾಥ್ ಫೋನ್ ಮಾಡಿದ್ರು. ಅವರಪ್ಪ ನಿನ್ನ ಮೆಸೇಜ್ ಓದಿ, ಇಂಥಾವು ನಾನು ಸಾವಿರ ಬರದೀನಿ, ಇದರ ಅರ್ಥ ನನಗೆ ಗೊತ್ತೈತೆ, ಅವರಿಗೆ ಮನಸ್ಸಿಲ್ಲ ಅಂದ್ರಂತೆ. ಭಾನುವಾರ ಕುಕ್ಕುವಾಡಕ್ಕೆ ಬ್ಯಾರೆ ಹೆಣ್ಣು ನೋಡಾಕೆ ಹೊಂಟಾರೆ’ ಅಂದಳು. ಅಷ್ಟೇ ಅಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ.

ಎಲ್ಲ ಇಲಾಖೆಗಳಲ್ಲೂ ಒಬ್ಬೊಬ್ಬ ರುದ್ರಪ್ಪನವರು ಇದ್ದರು ಎಂಬುದು ನನಗೆ ಹೊಳೆದೇ ಇರಲಿಲ್ಲ. ಗಿರಿಜಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ‘ಇಂಗ್ಲಿಷ್ ತಪ್ಪಾಗಿಲ್ಲ ಬಿಡ್ರಿ. ಮಗಳನ್ನ ಕಳ್ಸಾಕೆ ನಿಮಗೆ ಮನಸ್ಸಿಲ್ಲ. ಅದು ಅವರಿಗೆ ತಿಳೀತು, ನಿಮಗೆ ತಿಳೀಲಿಲ್ಲ’ ಎಂದು ತಟ್ಟೆ ಎತ್ತಿಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಮೊದಲು ಸಿಕ್ಕ ಬಸ್ಸು ಹತ್ತಿದೆ. ಹರಿಹರದಲ್ಲಿ ಬಸವರಾಜಪ್ಪನವರು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು. ‘ಬರ್ರಿ, ಕೂಡ್ರಿ’ ಎಂದರು, ಪೇಪರ್ ಮಡಿಸಲಿಲ್ಲ. ಅವರ ಹೆಂಡತಿ ಚಹಾ ತಂದು ಬಾಗಿಲಲ್ಲೇ ನಿಂತರು. ನಾನು ಗಂಟಲು ಸರಿಮಾಡಿಕೊಂಡು ‘ನಾವು ಬಹುಶಃ...’ ಎಂದು ಶುರು ಮಾಡಿದೆ. ಪೇಪರ್ ಇನ್ನೂ ಸ್ವಲ್ಪ ಮೇಲೇರಿತು. ಕೋಣೆಯ ಬಾಗಿಲು ಹಾಕಿಕೊಂಡ ಸವಿತಾ ಕಣ್ಮುಂದೆ ಬಂದಳು. ಚಹಾದ ಲೋಟ ಕೆಳಗಿಟ್ಟು, ‘ನಮ್ಮ ಹುಡುಗಿಗೆ ಇಷ್ಟ ಐತ್ರಿ. ನಮಗೂ ಐತಿ. ಕೊಡ್ತೀವಿ’ ಅಂದೆ. ಅಷ್ಟು ಹೇಳುವಷ್ಟರಲ್ಲಿ ಇಡೀ ಸರ್ವೀಸಿನ ಆಯಾಸವಾಯಿತು.

ಬಸವರಾಜಪ್ಪನವರು ಪೇಪರ್ ಮಡಿಸಿದರು. ‘ಅಲ್ರೀ, ಇಷ್ಟು ಬರ್ಯಾಕೆ ನಿಮಗೇನಾಗಿತ್ತು?’ ಎಂದರು.

‘ಬರದ್ರೆ ಹೋಗಿಬಿಡ್ತಾಳಲ್ರೀ’ ಅಂದೆ. ಹೇಗೆ ಬಾಯಿಂದ ಬಂತೋ ಕಾಣೆ, ಆದರೆ ನಿಜವೇ ಬಂತು. ಅವರು ನನ್ನ ಮುಖ ನೋಡಿದರು. ಅವರೂ ಒಬ್ಬ ಮಗಳನ್ನು ಕೊಟ್ಟವರು. ‘ನಾನೂ ನಮ್ಮ ಹುಡುಗೀದಕ್ಕೆ ಮೂರು ತಿಂಗಳು ಕರೆಸ್ಪಾಂಡೆನ್ಸ್ ಮಾಡಿದ್ದೆ’ ಎಂದು ಮೆಲ್ಲಗೆ ಹೇಳಿ, ಬಾಗಿಲಲ್ಲಿದ್ದ ಹೆಂಡತಿಗೆ ಸಕ್ಕರೆ ತರಲು ಹೇಳಿದರು. ಕುಕ್ಕುವಾಡಕ್ಕೆ ಅಲ್ಲೇ ಫೋನ್ ಹೋಯಿತು.

ಮನೆಗೆ ಬಂದು ‘ಆತಮ್ಮ’ ಅಂದೆ. ಸವಿತಾ ನನ್ನ ಹೆಗಲಿಗೆ ಹಣೆ ಇಟ್ಟಳು. ನಾನು ಬಹಳ ಧೈರ್ಯಸ್ಥನ ಹಾಗೆ, ‘ಹರಿಹರ ಏನು ದೂರ, ಅರ್ಧ ಗಂಟೆ ಹಾದಿ. ಹೆಣ್ಣುಮಕ್ಕಳಂದ್ರೆ ಹೋಗೋದೇ, ಅದಕ್ಕೆಲ್ಲ ಮನಸ್ಸಿಗೆ ಹಚ್ಚಿಕೋಬಾರದು’ ಎಂದು ಉಪದೇಶ ಮಾಡಿದೆ. ಅಷ್ಟರಲ್ಲಿ ಗಿರಿಜಾ ಒಗೆಯಲೆಂದು ನಾನು ಬಿಚ್ಚಿಟ್ಟ ಅಂಗಿಯ ಜೇಬು ತಡವುತ್ತಿದ್ದವಳು ಮಡಿಸಿದ ಒಂದು ಕಾಗದ ತೆಗೆದು ಬಿಡಿಸಿ ಓದಿದಳು. ಬರುವಾಗ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ಇಸಕೊಂಡು ಬಂದಿದ್ದ ದಾವಣಗೆರೆ-ಹರಿಹರ ಬಸ್ಸಿನ ತಿಂಗಳ ಪಾಸಿನ ಅರ್ಜಿ ಅದು. ಹೆಸರು, ವಯಸ್ಸು, ವಿಳಾಸ, ಎಲ್ಲ ಬಸ್ಸಿನಲ್ಲೇ ತುಂಬಿದ್ದೆ. ಮದುವೆಯ ದಿನ ಇನ್ನೂ ಗೊತ್ತಾಗಿರಲಿಲ್ಲ.